ಆಟೋ ಮೇಲಿನ ಶಂಕರಣ್ಣ ಎಲ್ಲರಿಗೂ ಗೊತ್ತು, ಕ್ಯಾಮೆರಾ ಹಿಂದಿನ ಶಂಕರ್‌ನಾಗ್ ಬಗ್ಗೆ ಮಾತಾಡೋಣವೇ?

ಹನುಮಂತನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ಒಂದೂವರೆ ತಿಂಗಳಿಂದ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಶಂಕರ್‌ನಾಗ್ ಸಿನಿಮಾ ನೋಡುತ್ತಿದ್ದೇವೆ. ಅವರು ನಟಿಸಿದ್ದೆಲ್ಲ ಅಲ್ಲ, ನಿರ್ದೇಶನ ಮಾಡಿದವು ಮಾತ್ರ. ನೋಡುವವರು ಮೂರು ಜನ. ನಾನು, ನಮ್ಮಪ್ಪ, ಪಿಯುಸಿ ಓದುವ ಮಗಳು. ಅಪ್ಪ ಇವನ್ನೆಲ್ಲ ಮೆಜೆಸ್ಟಿಕ್‌ನ ಥಿಯೇಟರ್‌ಗಳಲ್ಲಿ ಸರತಿ ನಿಂತು ನೋಡಿದವರು. ಮಗಳಿಗೆ ಶಂಕರ್‌ನಾಗ್ ಅಂದರೆ ಆಟೋ ಹಿಂದೆ ಇರುವ ಗಡ್ಡದ ಚಿತ್ರ, ಅಷ್ಟೇ.

ಮೊದಲ ವಾರ 'ಮಿಂಚಿನ ಓಟ' ನೋಡಿದೆವು. ಎರಡನೇ ವಾರ 'ಗೀತಾ'. ಮೂರನೇ ವಾರ 'ಆಕ್ಸಿಡೆಂಟ್'. ಅದು ಮುಗಿದು ಹೆಸರುಗಳು ಬರುತ್ತಿದ್ದಾಗ ಮಗಳು ಎದ್ದು ಕೂತು ಕೇಳಿದಳು: "ಇದೂ ಅವರೇ ಮಾಡಿದ್ದಾ? 'ಗೀತಾ' ಮಾಡಿದವರೇನಾ?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸುಮ್ನೆ ಲೆಕ್ಕ ಹಾಕಿ ನೋಡಿ. 1980ರಲ್ಲಿ 'ಮಿಂಚಿನ ಓಟ', ಕಾರು ಕದಿಯುವ ಕಳ್ಳರ ಕಥೆ. ಆಗ ಅವರಿಗೆ 25 ವರ್ಷ. ಅದೇ ವರ್ಷ 'ಜನ್ಮ ಜನ್ಮದ ಅನುಬಂಧ', ಪುನರ್ಜನ್ಮದ ಕಥೆ. 1981ರಲ್ಲಿ 'ಗೀತಾ', ಕಾಲೇಜು ಪ್ರೇಮ, ರಕ್ತದ ಕ್ಯಾನ್ಸರ್, ಇವತ್ತಿಗೂ ಹಳತಾಗದ ಹಾಡುಗಳು. 1985ರಲ್ಲಿ 'ಆಕ್ಸಿಡೆಂಟ್'. ಕುಡಿದು ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರನ್ನು ಕೊಂದ ರಾಜಕಾರಣಿ ಮಗನ ಕಥೆ. ಆಮೇಲೆ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್'. 1987ರಲ್ಲಿ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 'ಒಂದು ಮುತ್ತಿನ ಕಥೆ'. ನಡುವೆ ರಂಗದ ಮೇಲಿಂದ ಬಂದ ಹಾಸ್ಯ 'ನೋಡಿ ಸ್ವಾಮಿ ನಾವಿರೋದು ಹೀಗೆ'. ಇದರ ಜೊತೆಗೆ ನಟನಾಗಿ ವರ್ಷಕ್ಕೆ ಎಷ್ಟೋ ಸಿನಿಮಾ, ಸಂಕೇತ್ ತಂಡದ ನಾಟಕ, ಸ್ಟುಡಿಯೋ. 1990ರಲ್ಲಿ ಹೋದರು. 35 ವರ್ಷಕ್ಕೆ.

ಇಷ್ಟು ಬೇರೆ ಬೇರೆ ಸಿನಿಮಾ ಮಾಡಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಇನ್ನೊಂದು. ಪ್ರತಿ ಸಲವೂ ಅವರು ಈ ಕಥೆಗೆ ಏನು ಬೇಡ ಅಂತ ಮೊದಲು ನೋಡಿ ಅದನ್ನು ಬಿಟ್ಟಿದ್ದಾರೆ. 'ಆಕ್ಸಿಡೆಂಟ್' ನಲ್ಲಿ ಒಂದೂ ಹಾಡಿಲ್ಲ. 'ಮಾಲ್ಗುಡಿ' ಯಲ್ಲಿ ಹೀರೋ ಇಲ್ಲ, ಒಬ್ಬ ಸಣ್ಣ ಹುಡುಗ ಇದ್ದಾನೆ. 'ಮುತ್ತಿನ ಕಥೆ' ಯಲ್ಲಿ ಕನ್ನಡದ ದೊಡ್ಡ ನಟ ಇದ್ದಾರೆ, ಅವರಿಗೆ ಗೆಲುವು ಇಲ್ಲ. ಹೀಗೆ ಬಿಡುವುದಕ್ಕೆ ಗಾಂಧಿನಗರದಲ್ಲಿ ಎಷ್ಟು ಧೈರ್ಯ ಬೇಕು, ಅಲ್ವಾ?

ನಿಮಗೆ ಯಾವ ಸಿನಿಮಾ ಹತ್ತಿರ, ಯಾಕೆ? ನಟನ ಬಗ್ಗೆ ಬೇಡ, ಬೆಂಗಳೂರಿಗೆ ಮೆಟ್ರೋ ತರಬೇಕು ಅನ್ನುವ ಅವರ ಕನಸಿನ ಬಗ್ಗೆಯೂ ಬೇಡ. ಅವೆಲ್ಲ ಬೇಕಾದಷ್ಟು ಕಡೆ ಇವೆ. ನಿರ್ದೇಶಕನ ಬಗ್ಗೆ ಬರೆಯಿರಿ.


ನಿವೃತ್ತ ಮೇಷ್ಟ್ರಮ್ಮ, ಮಲ್ಲೇಶ್ವರ

ಓದಿ ತುಂಬಾ ಖುಷಿಯಾಯಿತು. ನಿಮ್ಮ ಮಗಳಿಗೆ ನನ್ನ ಆಶೀರ್ವಾದ ಹೇಳಿ.

'ಗೀತಾ' ಬಂದಾಗ ನಾನು ಬಿ.ಎಡ್. ಓದುತ್ತಿದ್ದೆ. ಹಾಸ್ಟೆಲಿನಿಂದ ಎಂಟು ಜನ ಹುಡುಗಿಯರು ಹೋಗಿದ್ದೆವು. ಹೋಗುವಾಗ ಬಸ್ಸಿನಲ್ಲಿ ಜೋರು ಮಾತು. ಬರುವಾಗ ಒಬ್ಬರೂ ಮಾತಾಡಲಿಲ್ಲ. ರೂಮಿಗೆ ಬಂದ ಮೇಲೆ ಒಬ್ಬಳು 'ಜೊತೆಯಲಿ' ಹಾಡು ಗುನುಗಿದಳು, ಇನ್ನೊಬ್ಬಳು ಅಳತೊಡಗಿದಳು. ವಾರ್ಡನ್ ಬಂದು ಬಾಗಿಲು ತಟ್ಟಿ ಏನಾಯಿತು ಅಂತ ಕೇಳಿದರು.

ಆ ಚಿತ್ರದ ಬಗ್ಗೆ ಒಂದು ಮಾತು. ಸಾಯುವ ಹುಡುಗಿಯ ಕಥೆ ಅಂದರೆ ಮೊದಲಿಂದಲೇ ಅಳಿಸಲು ಹೊರಡುತ್ತಾರೆ. ಇವರು ಹಾಗೆ ಮಾಡಲಿಲ್ಲ. ಗೀತಾ ಪಾತ್ರ ಮಾಡಿದ ಅಕ್ಷತಾ ರಾವ್ ನಮ್ಮ ಕಾಲೇಜಿನಲ್ಲೇ ಎಲ್ಲೋ ನೋಡಿದ ಹುಡುಗಿಯ ಹಾಗಿದ್ದರು. ಮೇಕಪ್ಪು ಮೆತ್ತಿದ ಹೀರೋಯಿನ್ ಅಲ್ಲ. ನಮ್ಮವಳೊಬ್ಬಳು ಹೋದಳಲ್ಲ ಅಂತ ಹಾಸ್ಟೆಲಿನಲ್ಲಿ ಅತ್ತೆವು. ನೀವು 'ಬಿಡುವುದು' ಅಂದಿರಲ್ಲ, ಇಲ್ಲಿ ಬಿಟ್ಟದ್ದು ಆ ಮೇಕಪ್ಪನ್ನು ಅಂತ ನನಗೆ ಅನ್ನಿಸುತ್ತದೆ.

'ಮಾಲ್ಗುಡಿ' ಬಗ್ಗೆ ಆಮೇಲೆ ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಸಮಯ ಬೇಕು.


ಸೌಂಡ್ ಟೇಬಲ್

ನಾನು ಡಬ್ಬಿಂಗ್, ಮಿಕ್ಸಿಂಗ್ ಕೆಲಸದಲ್ಲಿ 20 ವರ್ಷದಿಂದ ಇದ್ದೇನೆ. ಹಾಗಾಗಿ ಕಿವಿಯ ಕಡೆಯಿಂದ ಬರೆಯುತ್ತೇನೆ.

'ಜನ್ಮ ಜನ್ಮದ ಅನುಬಂಧ', 'ಗೀತಾ', 'ಆಕ್ಸಿಡೆಂಟ್' ಮೂರಕ್ಕೂ ಸಂಗೀತ ಇಳಯರಾಜ ಅವರದು. ಇದನ್ನು ಎಷ್ಟು ಜನ ಗಮನಿಸಿದ್ದೀರೋ ಗೊತ್ತಿಲ್ಲ. 'ಗೀತಾ' ದ ಹಾಡುಗಳು ಊರೂರಲ್ಲಿ ಮೊಳಗುತ್ತಿದ್ದವು. ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ 'ಸಂತೋಷಕ್ಕೆ' ಹಾಡಿಲ್ಲದೆ ಕಾರ್ಯಕ್ರಮ ಮುಗಿಯುವುದಿಲ್ಲ. ಹಾಡಿನ ಮೊದಲ ತಾಳ ಬಿದ್ದ ಕೂಡಲೇ ಹಿಂದಿನ ಸಾಲಿನ ಕುರ್ಚಿಗಳು ಖಾಲಿ. ಎಲ್ಲರೂ ಎದ್ದು ಮುಂದೆ ಬಂದಿರುತ್ತಾರೆ. ಎಸ್ಪಿಬಿ ದನಿ, ಚಿ. ಉದಯಶಂಕರ್ ಸಾಹಿತ್ಯ. 40 ವರ್ಷ ದಾಟಿದೆ.

ಈಗ ಯೋಚನೆ ಮಾಡಿ. ಅಂಥ ಹಾಡು ಕೊಟ್ಟ ಸಂಗೀತ ನಿರ್ದೇಶಕ ನಿಮ್ಮ ಜೊತೆ ಇದ್ದಾರೆ. ಅವರ ಹೆಸರಿಗೇ ಕ್ಯಾಸೆಟ್ ಮಾರಾಟವಾಗುತ್ತದೆ. ಅವರನ್ನು ಕರೆದು "ಈ ಸಿನಿಮಾಗೆ ಹಾಡು ಬೇಡ, ಹಿನ್ನೆಲೆ ಸಂಗೀತ ಮಾತ್ರ ಸಾಕು" ಅನ್ನುವುದು ಅಂದರೆ ಏನು? ಯಾವ ನಿರ್ಮಾಪಕನಿಗೂ ಎದೆ ಧಸಕ್ ಅನ್ನುವ ವಿಷಯ ಅದು.

'ಆಕ್ಸಿಡೆಂಟ್' ಅನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ನೋಡಬೇಡಿ, ಕೇಳಿ. ಹಾಡು ಇಲ್ಲದ್ದರಿಂದ ಮಾತಿಗೆ, ಗಾಡಿ ಸದ್ದಿಗೆ, ಸುಮ್ಮನಿರುವ ಹೊತ್ತಿಗೆ ಜಾಗ ಸಿಕ್ಕಿದೆ. ಎರಡು ಗಂಟೆ ಉಸಿರು ಹಿಡಿದಂತೆ ಇರುತ್ತದೆ. ನಡುವೆ ಒಂದು ಹಾಡು ಬಂದಿದ್ದರೆ ನಾವು ಎದ್ದು ನೀರು ಕುಡಿದು ಬರುತ್ತಿದ್ದೆವು. ಆ ಬಿಡುವನ್ನು ಅವರು ನಮಗೆ ಕೊಡಲಿಲ್ಲ.

ಇನ್ನೊಂದು ವಿಷಯ. ಆಗ ಕನ್ನಡ ಸಿನಿಮಾದ ರೆಕಾರ್ಡಿಂಗ್, ಮಿಕ್ಸಿಂಗ್ ಅಂದರೆ ಮದರಾಸಿಗೆ ಹೋಗಬೇಕಿತ್ತು. ರೈಲು, ಲಾಡ್ಜು, ಸ್ಟುಡಿಯೋ ಡೇಟು, ಎಲ್ಲ ಅಲ್ಲಿಯವರ ಅನುಕೂಲ ನೋಡಿಕೊಂಡು. ಶಂಕರ್‌ನಾಗ್ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಶುರು ಮಾಡಿದರು. ನಮ್ಮ ಕಸುಬಿನವರಿಗೆ ಆಟೋ ಮೇಲಿನ ಫೋಟೋಗಿಂತ ದೊಡ್ಡದು ಅದು. ಇವತ್ತು ನಾನು ಈ ಊರಲ್ಲೇ ಈ ಕೆಲಸ ಮಾಡಿ ಮನೆ ನಡೆಸುತ್ತಿದ್ದೇನೆ ಅಂದರೆ, ಅಂಥ ಸ್ಟುಡಿಯೋ ಇಲ್ಲೇ ಇರಲಿ ಅಂದವರ ಋಣ ನನ್ನ ಮೇಲಿದೆ.


ಯಶವಂತಪುರ ಸ್ಟ್ಯಾಂಡ್

ಅಣ್ಣಾ, ನಾನು ಆಟೋ ಓಡಿಸುತ್ತೇನೆ. ನಮ್ಮ ಸ್ಟ್ಯಾಂಡಿಗೆ ಶಂಕರಣ್ಣನ ಹೆಸರೇ ಇಟ್ಟಿದ್ದೇವೆ. ನವೆಂಬರ್ 9ಕ್ಕೆ ಹುಟ್ಟುಹಬ್ಬ, ಸಿಹಿ ಹಂಚುತ್ತೇವೆ. ಸೆಪ್ಟೆಂಬರ್ 30ಕ್ಕೆ ಫೋಟೋಗೆ ಹಾರ ಹಾಕುತ್ತೇವೆ, ಅವತ್ತು ಪಾಟ್‌ಹೋಲ್ ಬಿದ್ದಿರುವ ಕಡೆ ನಾವೇ ಮಣ್ಣು ತುಂಬುತ್ತೇವೆ. ಆಟೋ ಮೇಲಿನ ಶಂಕರಣ್ಣ ಬೇಡ ಅಂದಿರಲ್ಲ, ಸ್ವಲ್ಪ ಬೇಜಾರಾಯಿತು. 'ಆಟೋ ರಾಜ' ಸಿನಿಮಾ ನಮಗೆ ಮರ್ಯಾದೆ ತಂದುಕೊಟ್ಟಿದೆ. ಅದೂ ಅವರದ್ದೇ ನಿರ್ದೇಶನ ಅಲ್ವಾ? ಅದನ್ನು ಯಾಕೆ ಬಿಟ್ಟಿರಿ?


ಹನುಮಂತನಗರ ನಿವಾಸಿ

ಅಣ್ಣಾ, ಬೇಜಾರಾಗಿದ್ದರೆ ಕ್ಷಮಿಸಿ. ಬೇಡ ಅಂದದ್ದು ಗೌರವ ಇಲ್ಲದೆ ಅಲ್ಲ. ಆ ಫೋಟೋ ಇಷ್ಟು ದೊಡ್ಡದಾಗಿದೆ, ಅದರ ಹಿಂದೆ ಅವರ ಉಳಿದ ಕೆಲಸ ಕಾಣುವುದಿಲ್ಲ ಅನ್ನುವ ಸಂಕಟದಿಂದ ಬರೆದೆ. 'ಆಟೋ ರಾಜ' 1980ರದ್ದು, ಅದನ್ನು ನಿರ್ದೇಶಿಸಿದವರು ವಿಜಯ್. ಶಂಕರ್‌ನಾಗ್ ಅದರಲ್ಲಿ ನಟ. 'ಸಾಂಗ್ಲಿಯಾನ' ಕೂಡ ಬೇರೆಯವರ ನಿರ್ದೇಶನ.

ನೀವು 'ಆಕ್ಸಿಡೆಂಟ್' ನೋಡಿದ್ದೀರಾ? ನೋಡಿಲ್ಲ ಅಂದರೆ ದಯವಿಟ್ಟು ನೋಡಿ. ನೋಡಿ ಬಂದು ಇಲ್ಲಿ ಬರೆಯಿರಿ. ರಾತ್ರಿ ಹೊತ್ತಿನ ಬೆಂಗಳೂರು ನಿಮಗಿಂತ ಚೆನ್ನಾಗಿ ನಮಗ್ಯಾರಿಗೂ ಗೊತ್ತಿಲ್ಲ.


ವಿಜಯನಗರ ಪ್ರೇಕ್ಷಕ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಅಭಿಮಾನ ನನಗೂ ಇದೆ, ಅದನ್ನು ಅನುಮಾನಿಸಬೇಡಿ.

ಬೇರೆ ಬೇರೆ ಥರದ ಸಿನಿಮಾ ಮಾಡುವುದೇ ದೊಡ್ಡತನವೇ? ಪುಟ್ಟಣ್ಣ ಕಣಗಾಲ್ ಅವರನ್ನು ನೋಡಿ. 'ಗೆಜ್ಜೆ ಪೂಜೆ', 'ಶರಪಂಜರ', 'ರಂಗನಾಯಕಿ'. ಮತ್ತೆ ಮತ್ತೆ ಹೆಣ್ಣಿನ ಮನಸ್ಸಿನ ಒಳಗೇ ಹೋದರು. ಗಿರೀಶ್ ಕಾಸರವಳ್ಳಿ ಅವರಿಗೆ 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ', ಹೀಗೆ ನಾಲ್ಕು ಸಲ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ಅವರದ್ದೂ ಒಂದೇ ಕಡೆ ತೋಡಿದ ಬಾವಿ, ಅದಕ್ಕೇ ಅಷ್ಟು ಆಳ. ಶಂಕರ್‌ನಾಗ್ ಹತ್ತು ಕಡೆ ತೋಡಿದರು. ಎಲ್ಲ ಕಡೆಯೂ ನೀರು ಬಂತು, ನಿಜ. ಆದರೆ ಒಂದೇ ಕಡೆ ನಿಂತಿದ್ದರೆ ಎಷ್ಟು ಆಳಕ್ಕೆ ಹೋಗುತ್ತಿದ್ದರು ಅಂತ ಸಂಕಟವಾಗುತ್ತದೆ.

ಇನ್ನು 'ಬಿಡುವ ಧೈರ್ಯ' ಅನ್ನುವ ಮಾತು. 'ಜನ್ಮ ಜನ್ಮದ ಅನುಬಂಧ' ದಲ್ಲಿ ಏನು ಬಿಟ್ಟಿದ್ದಾರೆ? ಪುನರ್ಜನ್ಮ, ಸೇಡು, ಹಾಡು, ಎಲ್ಲವೂ ಇದೆ. ಹಾಡುಗಳು ಇಲ್ಲದಿದ್ದರೆ ಆ ಸಿನಿಮಾ ಇವತ್ತು ಯಾರಿಗೆ ನೆನಪಿರುತ್ತಿತ್ತು? ಅವಸರದ ಗುರುತು ಅವರ ಕೆಲವು ಸಿನಿಮಾಗಳಲ್ಲಿ ಕಾಣುತ್ತದೆ. ಹಗಲು ಒಂದು ಶೂಟಿಂಗ್, ರಾತ್ರಿ ಇನ್ನೊಂದು ಕೆಲಸ. ಮನುಷ್ಯ ಎಷ್ಟು ಅಂತ ಮಾಡಬಹುದು?


ಹನುಮಂತನಗರ ನಿವಾಸಿ

ನಿಮ್ಮ ಮಾತಿನಲ್ಲಿ ಒಂದು ಭಾಗ ಒಪ್ಪುತ್ತೇನೆ. 'ಜನ್ಮ ಜನ್ಮದ ಅನುಬಂಧ' ನನ್ನ ಮಾತಿಗೆ ಹೊಂದುವುದಿಲ್ಲ. ಅದನ್ನು ನಾನು ಹಾಡಿಗಾಗಿಯೇ ಮತ್ತೆ ನೋಡುತ್ತೇನೆ.

ಬಾವಿಯ ವಿಷಯಕ್ಕೆ ಬಂದರೆ, ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದ್ದು, 'ದ್ವೀಪ' 2002ರದ್ದು. ನಡುವೆ 25 ವರ್ಷ ಇದೆ. ಶಂಕರ್‌ನಾಗ್‌ಗೆ ನಿರ್ದೇಶಕನಾಗಿ ಸಿಕ್ಕಿದ್ದು ಹತ್ತೇ ವರ್ಷ. ಅವರ 45ನೇ ವಯಸ್ಸಿನ ಸಿನಿಮಾ ನಮ್ಮ ಹತ್ತಿರ ಇಲ್ಲ. ಹಾಗಾಗಿ ಆಳದ ಲೆಕ್ಕವನ್ನು ಇಬ್ಬರಿಗೂ ಒಂದೇ ಗಜದಲ್ಲಿ ಅಳೆಯುವುದು ನನಗೆ ಸರಿ ಕಾಣುವುದಿಲ್ಲ.

ಮತ್ತೆ ಅಣ್ಣ ಅನಂತ್‌ನಾಗ್ ಅವರನ್ನು ಬಳಸಿದ ರೀತಿ ನೋಡಿ. 'ಮಿಂಚಿನ ಓಟ' ದಲ್ಲಿ ತಮ್ಮನ ಜೊತೆ ಕಳ್ಳತನಕ್ಕೆ ಹೋಗುವವರು. 'ಆಕ್ಸಿಡೆಂಟ್' ನಲ್ಲಿ ತಮ್ಮ ಪತ್ರಕರ್ತ, ಅಣ್ಣ ಮಗನ ತಪ್ಪು ಮುಚ್ಚಿಹಾಕುವ ರಾಜಕಾರಣಿ ಧರ್ಮಾಧಿಕಾರಿ. ಜನ ಪ್ರೀತಿಸುವ ಮುಖಕ್ಕೆ ಅಂಥ ಪಾತ್ರ ಕೊಡಬೇಕು ಅಂದರೆ ನಟನ ಮೇಲೆ ಪೂರ್ತಿ ನಂಬಿಕೆ ಬೇಕು. ಆ ಪಾತ್ರ ಎಲ್ಲೂ ಕಿರುಚಾಡುವ ಖಳನಾಯಕ ಅನ್ನಿಸುವುದಿಲ್ಲ. ನಮ್ಮಪ್ಪ ನೋಡುತ್ತಾ "ಇಂಥವರನ್ನು ನಾನು ಆಫೀಸಿನಲ್ಲಿ ದಿನಾ ನೋಡಿದ್ದೇನೆ, ನಗುತ್ತಲೇ ಮಾತಾಡಿಸುತ್ತಿದ್ದರು" ಅಂದರು. ಅದಾದ ಮೇಲೆ ಅರ್ಧ ಗಂಟೆ ಅಪ್ಪ ಏನೂ ಮಾತಾಡಲಿಲ್ಲ.


ಶರಾವತಿ ದಂಡೆ

ನಾನು ಹೊನ್ನಾವರ ಕಡೆಯವನು, ಈಗ ಮಾರತ್ತಹಳ್ಳಿಯಲ್ಲಿದ್ದೇನೆ. ಶಂಕರ್‌ನಾಗ್ ಹುಟ್ಟಿದ ಮಲ್ಲಾಪುರ ನಮ್ಮ ತಾಲೂಕೇ. ಹಾಗಾಗಿ 'ಒಂದು ಮುತ್ತಿನ ಕಥೆ' ಬಗ್ಗೆ ಬರೆಯದೆ ಇರಲಾರೆ.

ಅದು ಜಾನ್ ಸ್ಟೈನ್‌ಬೆಕ್ ಬರೆದ 'ದಿ ಪರ್ಲ್' ಆಧರಿಸಿದ ಸಿನಿಮಾ. ಬಡ ಮುಳುಗುಗಾರನಿಗೆ ದೊಡ್ಡ ಮುತ್ತು ಸಿಗುತ್ತದೆ, ಅದರ ಹಿಂದೆಯೇ ಊರಿನ ಎಲ್ಲರ ಕಣ್ಣೂ ಬೀಳುತ್ತದೆ. ಆ ಕಾದಂಬರಿಯಲ್ಲಿ ಮುತ್ತಿನ ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಇಳಿಸುವ ಭಾಗ ಇದೆ. ಅದನ್ನು ಓದಿದಾಗ ನನಗೆ ಆ ಕಥೆ ನಡೆಯುವ ಮೆಕ್ಸಿಕೋ ನೆನಪಾಗಲಿಲ್ಲ, ನಮ್ಮ ಬಂದರು ನೆನಪಾಯಿತು. ದೋಣಿ ದಡಕ್ಕೆ ಬರುವ ಮೊದಲೇ ಮೀನಿನ ದರ ಯಾರೋ ತೀರ್ಮಾನ ಮಾಡಿರುತ್ತಾರೆ. ನಮ್ಮ ಅಜ್ಜ ಬುಟ್ಟಿ ಇಳಿಸಿ, ತಲೆಯ ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡು, ಅವರು ಹೇಳಿದ ದರಕ್ಕೆ ತಲೆ ಆಡಿಸುತ್ತಿದ್ದರು. ಒಂದು ಸಲವೂ ಎದುರಾಡಿದ್ದು ನಾನು ನೋಡಿಲ್ಲ. ಬಲೆಗೆ ಮಾಡಿದ ಸಾಲ ಅದೇ ಜನರದ್ದಾಗಿತ್ತು.

ಈ ಕಥೆಯನ್ನು ಕರಾವಳಿಯಲ್ಲಿ ಹುಟ್ಟಿದವರು ಆರಿಸಿಕೊಂಡದ್ದು ಸುಮ್ಮನೆ ಅಲ್ಲ ಅಂತ ನನ್ನ ನಂಬಿಕೆ.

ಸಿನಿಮಾ ಅಂದುಕೊಂಡಷ್ಟು ಓಡಲಿಲ್ಲ. ಕಾರಣ ನನಗೆ ಅರ್ಥವಾಗುತ್ತದೆ. ನಮ್ಮೂರ ಟೆಂಟಿನಲ್ಲಿ ನಾನು ನೋಡಿದಾಗ ಜನ ಅಣ್ಣಾವ್ರು ಎದ್ದು ನಿಂತು ಎಲ್ಲರಿಗೂ ಬುದ್ಧಿ ಕಲಿಸುವುದನ್ನು ಕಾಯುತ್ತಿದ್ದರು. ಅಲ್ಲಿದ್ದದ್ದು ಐತು ಅನ್ನುವ ಬಡ ಮನುಷ್ಯ. ಆದರೆ ನೀರಿನಡಿಯ ದೃಶ್ಯ ಬಂದಾಗ ಇಡೀ ಟೆಂಟು ಗಪ್‌ಚುಪ್. ಮುಂದೆ ನೆಲದ ಮೇಲೆ ಕೂತಿದ್ದ ನಮ್ಮೂರಿನ ಮೀನುಗಾರರು, ಹುಟ್ಟಿದಾಗಿನಿಂದ ನೀರಿನ ಮೇಲೇ ಬದುಕಿದವರು, ಬಾಯಿ ತೆರೆದು ನೋಡುತ್ತಿದ್ದರು. ಪಕ್ಕದಲ್ಲಿದ್ದ ನಮ್ಮ ಮಾವ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. ಅಣ್ಣಾವ್ರು ಮೇಲೆ ಬಂದ ಮೇಲೆ ಬಿಟ್ಟರು.

1980ರ ದಶಕದಲ್ಲಿ ಕನ್ನಡ ಸಿನಿಮಾಗೆ ನೀರಿನ ಒಳಗೆ ಕ್ಯಾಮೆರಾ ತೆಗೆದುಕೊಂಡು ಹೋಗುವ ಯೋಚನೆ ಬಂದದ್ದೇ ದೊಡ್ಡದು. ಸೋತಿದೆ ಅನ್ನುವ ಒಂದು ಮಾತಿನಲ್ಲಿ ಈ ಸಿನಿಮಾವನ್ನು ದಯವಿಟ್ಟು ಮುಗಿಸಬೇಡಿ.


ವಿಜಯನಗರ ಪ್ರೇಕ್ಷಕ

ಸಿಂಬೆ ಬಿಚ್ಚಿ ಮುಖ ಒರೆಸಿಕೊಳ್ಳುವ ನಿಮ್ಮ ಅಜ್ಜ ಕಣ್ಣಿಗೆ ಕಟ್ಟಿದರು. ನಾನು ಆ ಸಿನಿಮಾವನ್ನು ಒಂದೇ ಸಲ ಟೀವಿಯಲ್ಲಿ, ಜಾಹೀರಾತುಗಳ ನಡುವೆ ನೋಡಿದ್ದೇನೆ. ಮತ್ತೆ ನೋಡುತ್ತೇನೆ.


ನಿವೃತ್ತ ಮೇಷ್ಟ್ರಮ್ಮ, ಮಲ್ಲೇಶ್ವರ

ಈಗ 'ಮಾಲ್ಗುಡಿ'.

ಆರ್.ಕೆ. ನಾರಾಯಣ್ ಕಥೆ, ಆರ್.ಕೆ. ಲಕ್ಷ್ಮಣ್ ಚಿತ್ರಗಳು, ಎಲ್. ವೈದ್ಯನಾಥನ್ ಸಂಗೀತ. 39 ಕಂತುಗಳು. ಶುರುವಿನ ಆ ರಾಗ ಕೇಳಿದರೆ ಸಾಕು, ನನ್ನ ವಯಸ್ಸಿನವರು ಇರುವ ಕಡೆಯೇ ನಿಂತುಬಿಡುತ್ತಾರೆ. ಹಿಂದಿ ಬರದ ನಮ್ಮ ಅತ್ತೆ ಕೂಡ ಒಂದೂ ಕಂತು ತಪ್ಪಿಸುತ್ತಿರಲಿಲ್ಲ. ಭಾಷೆ ಬೇಕಾಗಿರಲಿಲ್ಲ ಅವರಿಗೆ. ಮನೆ ನಮ್ಮದು, ಜಗಲಿ ನಮ್ಮದು, ಬೈಯುವ ಅಪ್ಪ ನಮ್ಮವರು. ಆಗುಂಬೆಯಲ್ಲಿ ಚಿತ್ರೀಕರಣ ಆಗಿದ್ದು ಅಂತ ಆಮೇಲೆ ಗೊತ್ತಾಯಿತು.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಒಂದು ಕಥೆಯಲ್ಲಿ ಅಪ್ಪ ಮಗನ ಧೈರ್ಯ ಪರೀಕ್ಷೆ ಮಾಡಲು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅನ್ನುತ್ತಾನೆ. ಹುಡುಗ ಹೆದರಿ ಬೆಂಚಿನ ಕೆಳಗೆ ಸೇರುತ್ತಾನೆ. ಕತ್ತಲಲ್ಲಿ ಏನೋ ಬಂತು ಅಂತ ಭಯಕ್ಕೆ ಕಚ್ಚಿಬಿಡುತ್ತಾನೆ. ನೋಡಿದರೆ ಅದು ಕಳ್ಳನ ಕಾಲು. ಊರೆಲ್ಲ ಹುಡುಗನನ್ನು ಹೊಗಳುತ್ತದೆ. ಇದನ್ನು ನಾನು ಆರನೇ ತರಗತಿ ಮಕ್ಕಳಿಗೆ ಎಷ್ಟೋ ವರ್ಷ ಹೇಳಿದ್ದೇನೆ. ಪ್ರತಿ ವರ್ಷವೂ ಒಂದು ಮಗುವಾದರೂ ಕೇಳುತ್ತಿತ್ತು: "ಮಿಸ್, ಅವನಿಗೆ ಧೈರ್ಯ ಇತ್ತಾ ಇಲ್ವಾ?" ಉತ್ತರ ನಾನು ಹೇಳುತ್ತಿರಲಿಲ್ಲ. ನಾರಾಯಣ್ ಅವರೂ ಹೇಳಿಲ್ಲ.

ಇನ್ನೊಂದು, ಪೋಸ್ಟ್‌ಮ್ಯಾನ್ ಕಥೆ. ತನಗೆ ಬೇಕಾದ ಮನೆಯ ಹುಡುಗಿಯ ಮದುವೆ ನಿಲ್ಲಬಾರದು ಅಂತ ಆತ ಕಾಯಿಲೆಯ ಕಾಗದವನ್ನೂ ಸಾವಿನ ತಂತಿಯನ್ನೂ ತಡೆದು ಇಟ್ಟುಕೊಳ್ಳುತ್ತಾನೆ. ಮದುವೆ ಮುಗಿದ ಮೇಲೆ ತಂದು ಕೊಟ್ಟು ತಪ್ಪೊಪ್ಪಿಕೊಳ್ಳುತ್ತಾನೆ. ಸರ್ಕಾರಿ ಕೆಲಸ ಹೋಗಬಹುದಾದ ತಪ್ಪು. ಅಂಥ ತಪ್ಪು ಮಾಡುವಷ್ಟು ಆ ಬೀದಿಯವರು ಅವನಿಗೆ ಸ್ವಂತದವರು. ಈ ಕಥೆಯ ಕಂತು ಬಂದ ರಾತ್ರಿ ನಮ್ಮ ಮಾವನವರು ಊಟಕ್ಕೆ ಏಳಲಿಲ್ಲ. ಅವರು ಅಂಚೆ ಇಲಾಖೆಯಲ್ಲಿ 31 ವರ್ಷ ದುಡಿದವರು. "ನಾನು ಒಂದು ಸಲ ಹೀಗೆ ಮಾಡಬೇಕಿತ್ತು, ಮಾಡಲಿಲ್ಲ" ಅಂದರು. ಯಾರ ಮನೆ, ಯಾವ ಕಾಗದ, ಹೇಳಲಿಲ್ಲ. ನಾವೂ ಕೇಳಲಿಲ್ಲ.

ಹನುಮಂತನಗರದವರು ಇಲ್ಲಿ ಹೀರೋ ಇಲ್ಲ ಅಂದರು. ನಾನು ಇನ್ನೂ ಒಂದು ಸೇರಿಸುತ್ತೇನೆ. ಅವಸರವೂ ಇಲ್ಲ. ಮಿಂಚಿನ ಹಾಗೆ ಓಡಾಡುತ್ತಿದ್ದರು ಅಂತ ಎಲ್ಲರೂ ಹೇಳುವ ಮನುಷ್ಯ, ಪರದೆ ಮೇಲೆ ಇಷ್ಟು ನಿಧಾನ ಹೇಗೆ ತಂದರೋ.

1990ರ ಆ ಭಾನುವಾರ ಇವತ್ತಿಗೂ ನೆನಪಿದೆ. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತ ಅಂತ ಪಕ್ಕದ ಮನೆಯವರು ಬಂದು ಹೇಳಿದರು. ನಾನು ಒಗೆದ ಬಟ್ಟೆ ಹರವುತ್ತಿದ್ದೆ. ಕೈಯಲ್ಲಿದ್ದ ಬಟ್ಟೆ ಹಾಗೇ ಬಕೆಟ್ಟಿಗೆ ಹಾಕಿ ಒಳಗೆ ಬಂದೆ.


ಸಿನಿಮಾ ಓದುವ ಹುಡುಗಿ

ಮೇಡಂ, ನಿಮ್ಮ ಬರಹ ಎರಡು ಸಲ ಓದಿದೆ.

ನಾನು ಹುಟ್ಟಿದ್ದೇ ಅವರು ಹೋಗಿ 12 ವರ್ಷದ ನಂತರ. ಕಳೆದ ಮಳೆಗಾಲದಲ್ಲಿ ಮೂರು ಜನ ಗೆಳತಿಯರು ಅರಸಾಳು ರೈಲು ನಿಲ್ದಾಣಕ್ಕೆ ಹೋಗಿದ್ದೆವು. ಶಿವಮೊಗ್ಗ ಜಿಲ್ಲೆಯದು, 'ಮಾಲ್ಗುಡಿ' ನಿಲ್ದಾಣವಾಗಿ ತೋರಿಸಿದ್ದು ಅದನ್ನೇ. ಹಳೆಯ ಕಟ್ಟಡವನ್ನು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ತುಂಬಾ ಚಿಕ್ಕ ಜಾಗ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಹೊತ್ತಿನಲ್ಲೇ ನಡೆದು ಮುಗಿಸಬಹುದು. ಇಷ್ಟು ಸಣ್ಣ ಜಾಗವನ್ನು ಇಡೀ ದೇಶಕ್ಕೆ ಒಂದು ಊರು ಅಂತ ನಂಬಿಸಿದರಲ್ಲ ಅಂತ ಅಲ್ಲೇ ಕೂತು ಮಾತಾಡಿದೆವು. ಸೆಟ್ ಹಾಕುವ ಬದಲು ಇರುವ ಊರನ್ನು ಹುಡುಕಿದ್ದಾರೆ. ನನಗೆ ಪಾಠದಲ್ಲಿ ಸಿಗದ ವಿಷಯ ಅಲ್ಲಿ ಸಿಕ್ಕಿತು.

ಒಂದು ನೋವಿನ ವಿಷಯ ಹೇಳಬೇಕು. ಕ್ಲಾಸಿನಲ್ಲಿ 'ಮಿಂಚಿನ ಓಟ' ತೋರಿಸೋಣ ಅಂತ ಹುಡುಕಿದೆ. ಸಿಕ್ಕಿದ ಕಾಪಿಯಲ್ಲಿ ಬಣ್ಣವೇ ಉಳಿದಿಲ್ಲ. ಮೂಲೆಯಲ್ಲಿ ಯಾವುದೋ ವಾಹಿನಿಯ ಗುರುತು. ರಾತ್ರಿಯ ದೃಶ್ಯಗಳಲ್ಲಿ ಮುಖಗಳೇ ಕಾಣುವುದಿಲ್ಲ. ಲೋಕನಾಥ್ ಅವರ ಕಣ್ಣು ಕಾಣದಿದ್ದರೆ ಆ ತಾತನ ಪಾತ್ರದಲ್ಲಿ ಏನು ಉಳಿಯಿತು?


ಸೌಂಡ್ ಟೇಬಲ್

ಇದನ್ನು ನಾನೂ ಹೇಳಬೇಕು ಅಂತಿದ್ದೆ. 'ಘಟಶ್ರಾದ್ಧ' ವನ್ನು ಪುನಶ್ಚೇತನ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮೂಲ ನೆಗೆಟಿವ್ ಅಥವಾ ಒಳ್ಳೆಯ ಪ್ರಿಂಟ್ ಹುಡುಕಿ, ಒಂದೊಂದೇ ಫ್ರೇಮ್ ಸ್ಕ್ಯಾನ್ ಮಾಡಿ, ಗೀರು ತೆಗೆದು, ಬಣ್ಣದ ಸಿನಿಮಾ ಆದರೆ ಬಣ್ಣ ಸರಿಪಡಿಸಿ, ಧ್ವನಿಯ ಕರಕರ ಸದ್ದು ತೆಗೆದು ಮಾಡುವ ಕೆಲಸ ಅದು. ದುಡ್ಡು ಬೇಕು, ತಾಳ್ಮೆ ಅದಕ್ಕಿಂತ ಜಾಸ್ತಿ ಬೇಕು. ಆದರೆ ಆಗದ ಕೆಲಸ ಅಲ್ಲ.

'ಆಕ್ಸಿಡೆಂಟ್' ಗೆ 1984ರ ಸಾಲಿನ ರಾಷ್ಟ್ರಪ್ರಶಸ್ತಿ ಇದೆ, ಸಾಮಾಜಿಕ ಸಮಸ್ಯೆ ಕುರಿತ ಚಿತ್ರಗಳ ವಿಭಾಗದಲ್ಲಿ. 'ಮಿಂಚಿನ ಓಟ' ಕ್ಕೆ ರಾಜ್ಯ ಪ್ರಶಸ್ತಿಗಳು ಬಂದಿವೆ. ಜೆ.ಪಿ. ನಗರದಲ್ಲಿ ರಂಗಶಂಕರ ನಾಟಕಮಂದಿರ ಇದೆ, ಶಂಕರ್ ಅವರ ಪತ್ನಿ ಅರುಂಧತಿ ನಾಗ್ ಅವರು ಎಷ್ಟೋ ವರ್ಷ ಒದ್ದಾಡಿ 2004ರಲ್ಲಿ ಅದನ್ನು ನಿಲ್ಲಿಸಿದರು. ನಾಟಕದ ಶಂಕರ್‌ಗೆ ಮನೆ ಸಿಕ್ಕಿದೆ. ಸಿನಿಮಾದ ಶಂಕರ್‌ಗೂ ಸಿಗಬೇಕು. ಧ್ವನಿಯ ಕೆಲಸಕ್ಕೆ ನಾನು ಕೂಲಿ ಇಲ್ಲದೆ ಕೂರುತ್ತೇನೆ. ಯಾರಾದರೂ ಮುಂದೆ ಬಂದರೆ ಈ ಮಾತು ನೆನಪಿಡಿ, ನಾನು ಹಿಂದೆ ಸರಿಯುವುದಿಲ್ಲ.


ವಿಜಯನಗರ ಪ್ರೇಕ್ಷಕ

ನಾನೂ ಕೈಲಾದಷ್ಟು ದುಡ್ಡು ಹಾಕುತ್ತೇನೆ. ಬಾವಿಯ ಜಗಳ ಆಮೇಲೆ ಮುಂದುವರಿಸೋಣ.


ಯಶವಂತಪುರ ಸ್ಟ್ಯಾಂಡ್

ಅಣ್ಣಾ, ನೋಡಿದೆ.

ನಿನ್ನೆ ರಾತ್ರಿ 12 ಗಂಟೆಗೆ ಸ್ಟೇಷನ್ ಮುಂದೆ ಗಾಡಿ ಹಾಕಿಕೊಂಡಿದ್ದೆ. ಮೊದಲ ರೈಲು ಬರಲು ಇನ್ನೂ ಹೊತ್ತಿತ್ತು. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿ ಫೋನಿನಲ್ಲಿ 'ಆಕ್ಸಿಡೆಂಟ್' ಹಾಕಿದೆ. ಅರ್ಧ ನೋಡಿ ಮಲಗೋಣ ಅಂದುಕೊಂಡಿದ್ದೆ. ಆಗಲಿಲ್ಲ.

ಆ ಕಾರು ಫುಟ್‌ಪಾತ್ ಹತ್ತುವ ಜಾಗ ಬಂದಾಗ ಫೋನ್ ಪಕ್ಕಕ್ಕೆ ಇಟ್ಟೆ. ಯಾಕಂದರೆ ನಮ್ಮ ಸ್ಟ್ಯಾಂಡ್ ಎದುರಿಗೇ ಫ್ಲೈಓವರ್ ಕೆಳಗೆ ಹನ್ನೆರಡು ಹದಿಮೂರು ಜನ ಮಲಗುತ್ತಾರೆ. ಕಟ್ಟಡದ ಕೆಲಸಕ್ಕೆ ಬಂದವರು. ಒಬ್ಬ ಅಜ್ಜಿ ಇದ್ದಾರೆ, ಚೀಲವನ್ನು ತಲೆ ಕೆಳಗೆ ಇಟ್ಟುಕೊಂಡು, ಚಪ್ಪಲಿಯನ್ನು ಚೀಲದ ಒಳಗೆ ಹಾಕಿಕೊಂಡು ಮಲಗುತ್ತಾರೆ. ನಾನು ದಿನಾ ನೋಡುತ್ತೇನೆ. ನಿನ್ನೆ ಮಾತ್ರ ಇಳಿದು ಹೋಗಿ ನೋಡಿದೆ. ರಸ್ತೆ ಕಡೆಗೆ ತಲೆ ಹಾಕಿ ಮಲಗಿದ್ದರು. ಎಬ್ಬಿಸಿ "ಅಜ್ಜಿ, ಗೋಡೆ ಕಡೆ ತಲೆ ಹಾಕಿ" ಅಂದೆ. ಅವರಿಗೆ ನನ್ನ ಭಾಷೆ ಸರಿಯಾಗಿ ಬರುವುದಿಲ್ಲ. ಕೈ ತೋರಿಸಿ ಹೇಳಿದೆ. ತಿರುಗಿ ಮಲಗಿದರು.

ಆಮೇಲೆ ಬಂದು ಉಳಿದದ್ದು ನೋಡಿದೆ. ರಮೇಶ್ ಭಟ್ ಅವರು ಮಾಡಿದ ರಾಮಣ್ಣ, ಆ ರಾತ್ರಿ ಬದುಕುಳಿದವನು, ಅವನು ನನ್ನನ್ನು ಬಿಡಲಿಲ್ಲ. ಶಂಕರಣ್ಣ ಪತ್ರಕರ್ತ ಆಗಿದ್ದಾರೆ, ಫೈಟು ಮಾಡಿ ಎಲ್ಲ ಸರಿ ಮಾಡುತ್ತಾರೆ ಅಂತ ನಾನು ಕೊನೆವರೆಗೂ ಕಾದೆ. 'ಸಾಂಗ್ಲಿಯಾನ' ಆಗಿದ್ದರೆ ಹಾಗೇ ಆಗುತ್ತಿತ್ತು. ಇಲ್ಲಿ ಅವರು ಹಾಗೆ ಮಾಡಲಿಲ್ಲ. ಹಾಡಿಲ್ಲ ಅನ್ನುವುದು ನನಗೆ ಮುಗಿದ ಮೇಲೆ ನೆನಪಾಯಿತು, ಅದೂ ನೀವು ಬರೆದಿದ್ದರಿಂದ.

ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದೆ. ಒಬ್ಬರೂ ನೋಡಿಲ್ಲ ಅಣ್ಣಾ. ಅವರ ಫೋಟೋಗೆ ಅಷ್ಟು ವರ್ಷದಿಂದ ಹಾರ ಹಾಕುತ್ತಿದ್ದೇವೆ, ಈ ಸಿನಿಮಾ ಒಬ್ಬರೂ ನೋಡಿಲ್ಲ. ಈ ಸಲ ನವೆಂಬರ್ 9ಕ್ಕೆ ಆರ್ಕೆಸ್ಟ್ರಾ ಮುಗಿದ ಮೇಲೆ ಬಿಳಿ ಪರದೆ ಕಟ್ಟಿ ಇದನ್ನು ಹಾಕೋಣ ಅಂತ ಮಾತಾಡಿಕೊಂಡಿದ್ದೇವೆ. ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದಂತೆ. ಫ್ಲೈಓವರ್ ಕೆಳಗಿನವರನ್ನೂ ಕರೆಯಬೇಕು ಅಂತ ನನ್ನ ಆಸೆ. ಆದರೆ ಆ ಸಿನಿಮಾವನ್ನು ಅವರ ಮುಂದೆ ಹಾಕಬಹುದಾ? ಮಲಗುವ ಜಾಗದ ಬಗ್ಗೆ ಅವರಿಗೆ ಭಯ ಹುಟ್ಟುವುದಿಲ್ಲವಾ? ಮೇಷ್ಟ್ರಮ್ಮ, ನೀವು ಹೇಳಿ.


ನಿವೃತ್ತ ಮೇಷ್ಟ್ರಮ್ಮ, ಮಲ್ಲೇಶ್ವರ

ಭಯ ಅವರಿಗೆ ಈಗಲೂ ಇದೆಯಪ್ಪ. ಅದಕ್ಕೇ ಆ ಅಜ್ಜಿ ಚಪ್ಪಲಿಯನ್ನು ಚೀಲದೊಳಗೆ ಇಟ್ಟುಕೊಳ್ಳುವುದು. ಮೊದಲು ಅವರನ್ನು ಕೇಳು. ಸಿನಿಮಾ ಇಂಥದ್ದು ಅಂತ ಬಿಡಿಸಿ ಹೇಳು. ಬೇಡ ಅಂದರೆ 'ಮಾಲ್ಗುಡಿ' ಹಾಕು, ಅದು ಹಿಂದಿಯಲ್ಲೂ ಇದೆ. ಕಳ್ಳನ ಕಾಲು ಕಚ್ಚುವ ಹುಡುಗನ ಕಥೆ ಮಕ್ಕಳಿದ್ದರೆ ತುಂಬಾ ಇಷ್ಟವಾಗುತ್ತದೆ. ನಾನೂ ಬರುತ್ತೇನೆ. ಮಲ್ಲೇಶ್ವರದಿಂದ ಯಶವಂತಪುರ ಎಷ್ಟು ದೂರ? ನೀನೇ ಬಂದು ಕರೆದುಕೊಂಡು ಹೋಗು, ಮೀಟರ್ ಹಾಕಿಕೋ.


ಹನುಮಂತನಗರ ನಿವಾಸಿ

ನಾವು ಮೂರು ಜನ ಬರುತ್ತೇವೆ. ಅಪ್ಪನಿಗೆ ಕೂರಲು ಒಂದು ಕುರ್ಚಿ ಬೇಕು, ಅಷ್ಟೇ. ಪರದೆಗೆ ನಮ್ಮ ಮನೆಯಲ್ಲಿ ದೊಡ್ಡ ಬಿಳಿ ಪಂಚೆ ಎರಡಿವೆ, ಮಗಳು ಹೊಲಿದು ಜೋಡಿಸುತ್ತೇನೆ ಅನ್ನುತ್ತಿದ್ದಾಳೆ.


ಸೌಂಡ್ ಟೇಬಲ್

ಸ್ಪೀಕರ್ ನಾನು ತರುತ್ತೇನೆ. ಆರ್ಕೆಸ್ಟ್ರಾದವರ ಸ್ಪೀಕರ್ ಬೇಡ, ಮಾತು ಕೇಳಿಸುವುದಿಲ್ಲ. ಸಂಜೆ ನಾಲ್ಕಕ್ಕೇ ಬಂದು ಜೋಡಿಸುತ್ತೇನೆ. ಕರೆಂಟ್ ಪಾಯಿಂಟ್ ಎಲ್ಲಿದೆ, ಎಷ್ಟು ಉದ್ದದ ವೈರ್ ಬೇಕು, ಸ್ಟ್ಯಾಂಡಿನಲ್ಲಿ ನೋಡಿ ಹೇಳಿ.


ಯಶವಂತಪುರ ಸ್ಟ್ಯಾಂಡ್

ಪಕ್ಕದ ಟೀ ಅಂಗಡಿಯಿಂದ ಕರೆಂಟ್ ಕೊಡುತ್ತಾರಂತೆ. ಹೆಜ್ಜೆ ಹಾಕಿ ನೋಡಿದೆ, ಅಲ್ಲಿಂದ ಪರದೆ ಕಟ್ಟುವ ಜಾಗಕ್ಕೆ 40 ಹೆಜ್ಜೆ. ಅಜ್ಜಿಯನ್ನು ಇವತ್ತು ರಾತ್ರಿ ಕೇಳುತ್ತೇನೆ.